ಮನೆಯೆಂಬ ವಿಭಾವ: ಮುಪ್ಪು, ಖಿನ್ನತೆ ಮತ್ತು ನಮ್ಮ ವಿಮರ್ಶೆಯ ಒಂದು ಮರೆವು

ಕನ್ನಡ ಸಾಹಿತ್ಯದಲ್ಲಿ ವೃದ್ಧಾಪ್ಯದ ಚಿತ್ರಣವನ್ನು ಕುರಿತು ಬರೆಯುವಾಗ ನಮ್ಮ ಲೇಖನಿ ಎರಡು ಪದಗಳತ್ತ ತಾನಾಗಿ ಸರಿಯುತ್ತದೆ. ಒಂದು ವೈರಾಗ್ಯ, ಇನ್ನೊಂದು ಒಂಟಿತನ. ಪ್ರಾಚೀನ ಕೃತಿಗಳನ್ನು ಓದುವವರು ಮೊದಲನೆಯದನ್ನೂ ಆಧುನಿಕ ಕಥನವನ್ನು ಓದುವವರು ಎರಡನೆಯದನ್ನೂ ಹೆಚ್ಚಾಗಿ ಬಳಸುತ್ತಾರೆ. ಎರಡೂ ಮನಸ್ಸಿನ ಒಳಗನ್ನು ಹೇಳುವ ಪದಗಳೇ. ಆ ಮನಸ್ಸನ್ನು ಹೊತ್ತ ಮುದುಕನೋ ಮುದುಕಿಯೋ ಕುಳಿತಿರುವ ಕೋಣೆ ಎಂಥದು, ಅದಕ್ಕೆ ಕಿಟಕಿ ಇದೆಯೇ, ಗೋಡೆಯಲ್ಲಿ ತೇವವಿದೆಯೇ, ಶೌಚಕ್ಕೆ ಎಷ್ಟು ಹೆಜ್ಜೆ ನಡೆಯಬೇಕು ಎಂಬ ಪ್ರಶ್ನೆಗಳು ಈ ಎರಡು ಪದಗಳ ಬಲೆಗೆ ಬೀಳುವುದಿಲ್ಲ. ಮನೆ ನಮ್ಮ ವಿಮರ್ಶೆಯಲ್ಲಿ ಬಂದಾಗಲೆಲ್ಲ ಸಂಸಾರದ ಸಂಕೇತವಾಗಿ, ದೇಹದ ರೂಪಕವಾಗಿ, ಪರಂಪರೆಯ ಪ್ರತೀಕವಾಗಿ ಬಂದಿದೆ. ಮನೆ ಮನೆಯಾಗಿ ಬಂದದ್ದು ಅಪರೂಪ. ಈ ಮರೆವು ಬರಿಯ ರುಚಿಯ ಪ್ರಶ್ನೆಯಲ್ಲ, ಅದರಿಂದ ನಮ್ಮ ಅಧ್ಯಯನಕ್ಕೆ ಹಾನಿಯಾಗಿದೆ, ಅಧ್ಯಯನಕ್ಕೆ ಒಳಗಾದ ಜನರಿಗೂ ಹಾನಿಯಾಗಿರಬಹುದು ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ನಿಮಿತ್ತವಾದದ್ದು ನಮ್ಮದೇ ಒಂದು ತಪ್ಪು. ಸುಮಾರು ಎರಡು ದಶಕಗಳ ಹಿಂದೆ ಮುಂಬಯಿಯ ಕನ್ನಡಿಗರಲ್ಲಿ ಉಳಿದಿರುವ ತತ್ತ್ವಪದ ಹಾಗೂ ಬೀಸುವ ಪದಗಳನ್ನು ಸಂಗ್ರಹಿಸಲು ಹೊರಟಿದ್ದ ನಾವು ಹಳೆಯ ಚಾಳೊಂದರ ಮೂರನೆಯ ಮಾಳಿಗೆಯಲ್ಲಿದ್ದ ಕುಂದಾಪುರ ಕಡೆಯ ಒಬ್ಬ ಅಜ್ಜಿಯ ಹಾಡುಗಳನ್ನು ಎರಡು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡೆವು. ನಮ್ಮ ಕ್ಷೇತ್ರಕಾರ್ಯದ ಕಾರ್ಡಿನಲ್ಲಿ ಆಕೆಯ ಬಗ್ಗೆ ಬರೆದುಕೊಂಡದ್ದು ಇಷ್ಟು: ಮಾತು ಕಡಿಮೆ, ಶಾಂತ ಸ್ವಭಾವ, ಬದುಕಿನಲ್ಲಿ ವಿರಕ್ತಿ, ಹಾಡುಗಳ ಆಯ್ಕೆಯಲ್ಲಿ ಪಾರಮಾರ್ಥಿಕ ಒಲವು. ಮುಂದೆ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಟಿಪ್ಪಣಿಯನ್ನೇ ಬೆಳೆಸಿ, ವಲಸೆಯ ಬದುಕಿನಲ್ಲಿಯೂ ಮಧ್ಯಕಾಲೀನ ವೈರಾಗ್ಯಪರಂಪರೆ ಹೇಗೆ ಜೀವಂತವಾಗಿದೆ ಎಂದು ವಿವರಿಸಿದೆವು. ಪ್ರಬಂಧವನ್ನು ಮೆಚ್ಚಿದವರೂ ಇದ್ದರು.

ಈಚೆಗೆ ಆ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆದಾಗ ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಹಾಡುಗಳ ನಡುವಿನ ಮಾತನ್ನೂ ಲಿಪ್ಯಂತರ ಮಾಡಿ ತಂದರು. ಹಾಡಿಗಾಗಿ ಕಾದು ಕುಳಿತಿದ್ದ ನಮ್ಮ ಕಿವಿಗೆ ಅಂದು ಬೀಳದೆ ಹೋದದ್ದು ಅದರಲ್ಲಿತ್ತು. ಸೊಸೆ ಚಹಾ ತಂದಿಟ್ಟಿದ್ದಾರೆ. ಅಜ್ಜಿ ಬೇಡವೆನ್ನುತ್ತಾರೆ: “ಚಾ ಬ್ಯಾಡ ಮಗಾ, ರಾತ್ರಿ ಏಳ್ಕಾತ್ತ್.” ಸೊಸೆ ನಮಗೆ ವಿವರಿಸುತ್ತಾರೆ, ಸಂಡಾಸು ಓಣಿಯ ತುದಿಯಲ್ಲಿದೆ, ದೀಪ ಇಲ್ಲ, ಹೋದ ಮಳೆಗಾಲದಲ್ಲಿ ಜಾರಿ ಬಿದ್ದ ಮೇಲೆ ಸಂಜೆ ನಾಲ್ಕರ ನಂತರ ನೀರೂ ಕುಡಿಯುವುದಿಲ್ಲ ಎಂದು. ಅಷ್ಟರಲ್ಲಿ ನಮ್ಮ ಧ್ವನಿ ಕೇಳುತ್ತದೆ. ಮುಂದಿನ ಪದ ಯಾವುದು ಎಂದು ನಾವು ಕೇಳುತ್ತಿದ್ದೇವೆ.

ಆಕೆ ಖಿನ್ನತೆಯಿಂದ ಬಳಲುತ್ತಿದ್ದರೆಂದು ಇಂದು ನಿರ್ಣಯಿಸುವ ಅಧಿಕಾರ ನಮಗಿಲ್ಲ, ನಾವು ವೈದ್ಯರಲ್ಲ. ವಿರಕ್ತರಾಗಿದ್ದರೆಂದು ನಿರ್ಣಯಿಸುವ ಅಧಿಕಾರ ಅಂದು ಎಲ್ಲಿಂದ ಬಂದಿತ್ತು ಎಂಬುದೇ ನಮ್ಮನ್ನು ಕಾಡಿದ ಪ್ರಶ್ನೆ. ಮಾತು ಕಡಿಮೆಯಾಗುವುದು, ಅನ್ನನೀರುಗಳಲ್ಲಿ ಆಸಕ್ತಿ ಇಳಿಯುವುದು, ಹೊರಗೆ ಹೋಗಲು ಒಲ್ಲೆನೆನ್ನುವುದು, ಸಾವಿನ ಹಾಡುಗಳನ್ನೇ ಆಯ್ದು ಹಾಡುವುದು ಇವೆಲ್ಲ ವೈರಾಗ್ಯದ ಲಕ್ಷಣಗಳೂ ಆಗಬಹುದು, ರೋಗದ ಲಕ್ಷಣಗಳೂ ಆಗಬಹುದು, ಶೌಚಾಲಯ ದೂರವಿರುವುದರ ಲಕ್ಷಣಗಳೂ ಆಗಬಹುದು. ಮೂರರಲ್ಲಿ ನಾವು ಒಂದನ್ನು ಮಾತ್ರ ಬಲ್ಲವರಾಗಿದ್ದೆವು.

ನಮ್ಮ ಈ ಅಭ್ಯಾಸಕ್ಕೆ ಮಧ್ಯಕಾಲೀನ ಸಾಹಿತ್ಯವನ್ನು ಹೊಣೆ ಮಾಡುವುದು ಸುಲಭ. ಅದು ನ್ಯಾಯವಲ್ಲ. ಕಾವ್ಯಮೀಮಾಂಸೆಯನ್ನೇ ಮೊದಲು ನೋಡೋಣ. ಭರತನು ಎಣಿಸುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ನಿರ್ವೇದ, ಗ್ಲಾನಿ, ದೈನ್ಯ, ಚಿಂತೆ, ಜಡತೆ, ವಿಷಾದ ಇವಿಷ್ಟೂ ಇವೆ. ಇಂದು ಖಿನ್ನತೆಯೆಂಬ ಒಂದೇ ಪದದಲ್ಲಿ ಕಟ್ಟಿಹಾಕಿರುವುದನ್ನು ಪೂರ್ವಿಕರು ಆರು ಎಳೆಗಳಾಗಿ ಬಿಡಿಸಿಟ್ಟಿದ್ದರು. ಇವುಗಳಲ್ಲಿ ನಿರ್ವೇದಕ್ಕೆ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ಕೊಡುವ ವಿಭಾವಗಳ ಪಟ್ಟಿ ನಮ್ಮ ವಾದಕ್ಕೆ ಮುಖ್ಯವಾದುದು. ದಾರಿದ್ರ್ಯ, ವ್ಯಾಧಿ, ಅವಮಾನ, ನಿಂದೆ, ಹೊಡೆತ, ಇಷ್ಟಜನರ ಅಗಲಿಕೆ ಇವೆಲ್ಲ ಅಲ್ಲಿ ಬರುತ್ತವೆ, ತತ್ತ್ವಜ್ಞಾನವೂ ಬರುತ್ತದೆ. ದಾರಿದ್ರ್ಯ ಮೊದಲಿಗೆ, ತತ್ತ್ವಜ್ಞಾನ ಕೊನೆಗೆ. ಶಾಂತರಸದ ಚರ್ಚೆ ಬೆಳೆದಂತೆ ತತ್ತ್ವಜ್ಞಾನದಿಂದ ಹುಟ್ಟಿದ ನಿರ್ವೇದಕ್ಕೆ ವಿಶೇಷ ಸ್ಥಾನ ದೊರೆಯಿತು. ಅದು ಶಾಸ್ತ್ರದ ಅಗತ್ಯವಾಗಿತ್ತು, ಒಪ್ಪೋಣ. ಆದರೆ ನಾವು, ಇಪ್ಪತ್ತನೆಯ ಶತಮಾನದ ವಿಮರ್ಶಕರು, ಪಟ್ಟಿಯ ತುದಿಯನ್ನು ಹಿಡಿದು ಮೊದಲನ್ನು ಕೈಬಿಟ್ಟೆವು. ಮುದುಕರ ಮುಖದಲ್ಲಿ ನಿರ್ವೇದ ಕಂಡೊಡನೆ ಅದರ ವಿಭಾವ ತತ್ತ್ವಜ್ಞಾನವೇ ಇರಬೇಕೆಂದು ಭಾವಿಸಿದೆವು. ದಾರಿದ್ರ್ಯವಿದ್ದೀತೆಂದು ಕೇಳಲಿಲ್ಲ.

ಇನ್ನೊಂದು ಅಂಶವಿದೆ. ರಸಕ್ಕೆ ಆಲಂಬನವಷ್ಟೇ ಸಾಲದು, ಉದ್ದೀಪನವೂ ಬೇಕು. ಶೃಂಗಾರಕ್ಕೆ ಬೆಳುದಿಂಗಳು, ಉದ್ಯಾನ ಇತ್ಯಾದಿ ಯಾರಿಗೂ ತಿಳಿದದ್ದೇ. ಶಾಂತರಸಕ್ಕೆ ಏನು? ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಪುಣ್ಯಾಶ್ರಮ, ಕ್ಷೇತ್ರ, ತೀರ್ಥ, ರಮ್ಯವಾದ ವನ ಎಂದು ಎಣಿಸುತ್ತಾನೆ. ಅಂದರೆ ಶಾಂತಕ್ಕೂ ಒಂದು ಒಳ್ಳೆಯ ನೆಲೆ ಬೇಕು. ಗಾಳಿ, ಬೆಳಕು, ನೀರು, ನೆರಳು ಇರುವ ತಾಣದಲ್ಲಿ ಮನಸ್ಸು ಉಪಶಮಗೊಳ್ಳುತ್ತದೆ ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ. ತೇವ ಹಿಡಿದ ಗೋಡೆ, ದೀಪವಿಲ್ಲದ ಓಣಿಗಳನ್ನು ಶಾಂತದ ಉದ್ದೀಪನವೆಂದು ಯಾವ ಆಲಂಕಾರಿಕನೂ ಹೇಳಲಾರ. ಅಜ್ಜಿಯ ಕೋಣೆಯನ್ನು ಶಾಸ್ತ್ರದ ಕಣ್ಣಿನಿಂದಲೇ ನೋಡಿದ್ದರೂ ನಮ್ಮ ಕಾರ್ಡಿನ ‘ಶಾಂತ ಸ್ವಭಾವ’ ಎಂಬ ಮಾತಿಗೆ ಆಧಾರ ಸಿಗುತ್ತಿರಲಿಲ್ಲ.

ವೃದ್ಧಾಪ್ಯದ ಸಂದರ್ಭದಲ್ಲಿ ಮನೆಯನ್ನು ಅಲಂಕಾರವಾಗಿ ಓದದೆ ವಿಭಾವವಾಗಿ ಓದಬೇಕು ಎಂದು ನಾವು ಹೇಳುವುದು ಈ ಅರ್ಥದಲ್ಲಿ.

ವಚನಗಳ ವಿಷಯಕ್ಕೆ ಬಂದರೆ ಕಷ್ಟ ಹೆಚ್ಚು, ಏಕೆಂದರೆ ಅಲ್ಲಿ ರೂಪಕ ಬಲವಾಗಿದೆ. ಕಾಲು ಕಂಬವಾಗಿ ದೇಹ ದೇಗುಲವಾಗುವ ಬಸವಣ್ಣನವರ ವಚನವನ್ನು ಶಾಲೆಯಲ್ಲೇ ಕಲಿತವರು ನಾವು. ಕಟ್ಟಡಕ್ಕಿಂತ ಕಾಯ ದೊಡ್ಡದು, ನಿಂತದ್ದಕ್ಕಿಂತ ನಡೆಯುವುದು ದೊಡ್ಡದು ಎಂಬ ಮೌಲ್ಯ ನಮ್ಮ ರಕ್ತದಲ್ಲಿ ಬೆರೆತಿದೆ. ಬಡವನೊಬ್ಬನ ಬಾಯಿಂದ ಸಿರಿವಂತರ ಗುಡಿಯ ಎದುರು ಬಂದ ಆ ಮಾತಿಗೆ ಅದರದೇ ಆದ ರಾಜಕೀಯ ತೂಕವಿತ್ತು. ಆದರೆ ನಡೆಯಲಾರದ ಕಾಲುಗಳವರಿಗೆ, ಸ್ಥಾವರವಾಗಿಯೇ ಕುಳಿತವರಿಗೆ, ಜಂಗಮದ ಈ ಹಿರಿಮೆ ಹೇಗೆ ಕೇಳಿಸುತ್ತದೆ ಎಂದು ನಾವು ಯೋಚಿಸಿದ್ದು ಕಡಿಮೆ.

ಅದೇ ಬಸವಣ್ಣನವರ ಇನ್ನೊಂದು ವಚನವಿದೆ. ಹೊಸ್ತಿಲಲ್ಲಿ ಹುಲ್ಲು ಎದ್ದ, ಒಳಗೆಲ್ಲ ಧೂಳು ಕೂತ ಮನೆಯ ಮುಂದೆ ನಿಂತು, ಇದರ ಒಡೆಯ ಒಳಗಿರುವನೋ ಇಲ್ಲವೋ ಎಂದು ಕೇಳುವ ವಚನ ಅದು. ವಚನವೇ ಮುಂದೆ ಈ ಮನೆಯನ್ನು ತನುಮನಗಳ ಅವಸ್ಥೆಗೆ ಹೊಂದಿಸುತ್ತದೆ, ಟೀಕಾಕಾರರು ಅದನ್ನೇ ವಿಸ್ತರಿಸುತ್ತಾರೆ. ಇದರಲ್ಲಿ ತಪ್ಪಿಲ್ಲ. ಆದರೆ ರೂಪಕ ನಿಲ್ಲಬೇಕಾದರೆ ಮೊದಲು ಕವಿ ಅಂಥ ಒಂದು ಮನೆಯನ್ನು ಕಂಡಿರಬೇಕು. ಒಬ್ಬ ಮನುಷ್ಯ ಒಳಗಿದ್ದೂ ಹೊಸ್ತಿಲು ಗುಡಿಸಲಾರದೆ ಹೋಗುವುದು ಇಂದಿಗೂ ಯಾವ ಊರಿನಲ್ಲೂ ಕಾಣುವ ಸಂಗತಿ. ಮನೆ ಹಾಳಾದದ್ದರಿಂದ ಒಡೆಯ ಕುಗ್ಗಿದನೋ, ಒಡೆಯ ಕುಗ್ಗಿದ್ದರಿಂದ ಮನೆ ಹಾಳಾಯಿತೋ? ವಚನ ಈ ಪ್ರಶ್ನೆಯನ್ನು ಕೇಳುವುದಿಲ್ಲ, ಆದರೆ ಪ್ರಶ್ನೆ ಹುಟ್ಟುವ ಜಾಗದಲ್ಲಿ ನಮ್ಮನ್ನು ತಂದು ನಿಲ್ಲಿಸುತ್ತದೆ. ವಸತಿ ಮತ್ತು ಮನಃಸ್ಥಿತಿಯ ಸಂಬಂಧವನ್ನು ಅಳೆಯಹೊರಟ ಸಮಾಜವಿಜ್ಞಾನಿಗಳು ಇಂದಿಗೂ ತೊಡಕಿಗೆ ಸಿಲುಕುವುದು ಇಲ್ಲಿಯೇ.

ಮುಪ್ಪಿನ ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿ, ಪರರ ಹಂಗಿಗೆ ಬೀಳುವ ಮೊದಲೇ ದೇವರನ್ನು ನೆನೆ ಎನ್ನುವ ಪ್ರಸಿದ್ಧ ವಚನವನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿ ನಮ್ಮ ಗಮನ ಸದಾ ನರೆತೆರೆಗಳ ಮೇಲೆ ಹೋಗುತ್ತದೆ. ನಿಜವಾದ ಭಾರ ‘ಹಂಗು’ ಎಂಬ ಪದದ ಮೇಲಿದೆ. ಹಂಗು ಎಂದರೆ ಋಣವಲ್ಲ, ಅವಲಂಬನೆಯೂ ಅಲ್ಲ. ಇನ್ನೊಬ್ಬರ ಮುಖ ನೋಡಿ ಎದ್ದು ಕೂರಬೇಕಾದ ಸ್ಥಿತಿ. ಮಗನ ಮನೆಯಲ್ಲಿ ಹಾಲ್‌ನ ಮೂಲೆಯ ದಿವಾನವೇ ಹಾಸಿಗೆಯಾಗಿ, ಟೀವಿ ಆರಿದ ಮೇಲಷ್ಟೇ ಮಲಗಬಹುದಾದ ತಂದೆಯ ಸ್ಥಿತಿಯನ್ನು ಹೇಳಲು ಖಿನ್ನತೆಗಿಂತ ಇದು ಹೆಚ್ಚು ನಿಖರವಾದ ಪದ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಮಕ್ಕಳ ಬಳಿಗೆ ಬಂದು ನೆಲೆಸಿದ ಹಿರಿಯರೊಡನೆ ಮಾತಾಡಿದವರಿಗೆ ನಾವು ಹೇಳುವುದೇನೆಂದು ತಿಳಿಯುತ್ತದೆ.

ಜನ್ನನ ಯಶೋಧರಚರಿತೆಯಲ್ಲಿ (1209) ಅರಸ ಯಶೌಘ ತಲೆಯಲ್ಲಿ ನರೆಯನ್ನು ಕಂಡು, ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ತೆರಳುತ್ತಾನೆ. ಜೈನಕಾವ್ಯಗಳಲ್ಲಿ ಇದು ಪರಿಚಿತವಾದ ಆಶಯ. ಇದನ್ನು ನಾವೂ ತರಗತಿಗಳಲ್ಲಿ ವೈರಾಗ್ಯದ ಉದಾಹರಣೆಯಾಗಿ ಪಾಠ ಹೇಳಿದ್ದೇವೆ. ಅರಮನೆ ಇದ್ದವನು ಅದನ್ನು ಬಿಡಬಲ್ಲ. ಬಿಟ್ಟು ಹೋಗಲು ಕಾಡೂ ಇದೆ, ಬಿಟ್ಟುಹೋದವನಿಗೆ ಗೌರವವೂ ಇದೆ. ಮನೆಯಿಲ್ಲದವರ ವಿರಕ್ತಿ ಯಾವುದನ್ನು ಬಿಡುತ್ತದೆ? ನೂರ ಅರವತ್ತು ಚದರ ಅಡಿಯಲ್ಲಿ ಆರು ಜನರ ನಡುವೆ ಮಲಗುವ ಹೆಂಗಸಿಗೆ ಯಶೌಘನ ಪದವನ್ನು ತೊಡಿಸಿದ್ದು ವರ್ಗವನ್ನು ಕುರಿತ ನಮ್ಮ ಕುರುಡೇ ಹೊರತು ಜನ್ನನ ದೋಷವಲ್ಲ.

ಇನ್ನು ಅಳತೆಯವರ ಕಡೆಗೆ ಹೊರಳೋಣ. ಸಾಹಿತ್ಯದವರು ಮನೆಯನ್ನು ಮರೆತರೆ ವಿಜ್ಞಾನದವರು ಅದನ್ನು ಅಚ್ಚುಕಟ್ಟಾಗಿ ಹಿಡಿದಿದ್ದಾರೆಂದು ನಂಬುವ ಕಾರಣವಿಲ್ಲ. ವೃದ್ಧರ ಖಿನ್ನತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್ ಎಂಬ ಪ್ರಶ್ನಾವಳಿ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಮೊದಲಿಗೆ 30 ಪ್ರಶ್ನೆಗಳು, 1986ರ ಸಂಕ್ಷಿಪ್ತ ರೂಪದಲ್ಲಿ 15. ಹೌದು, ಇಲ್ಲ ಎಂದಷ್ಟೇ ಉತ್ತರಿಸಬೇಕು. ಇದನ್ನು ಒಂದು ಪಠ್ಯವಾಗಿ ಓದಿದರೆ ಏನಾಗುತ್ತದೆ? ಹೊರಗೆ ಹೋಗಿ ಹೊಸತೇನನ್ನಾದರೂ ಮಾಡುವುದಕ್ಕಿಂತ ಮನೆಯಲ್ಲಿರುವುದೇ ನಿಮಗೆ ಇಷ್ಟವೇ ಎಂಬ ಅರ್ಥದ ಪ್ರಶ್ನೆಯೊಂದು ಅದರಲ್ಲಿದೆ. ಹೌದೆಂದರೆ ಖಿನ್ನತೆಯ ಕಡೆಗೆ ಒಂದು ಅಂಕ.

ಈ ಪ್ರಶ್ನೆ ಒಂದು ಬಗೆಯ ಮನೆಯನ್ನು ಊಹಿಸಿಕೊಂಡು ಹುಟ್ಟಿದೆ. ಬಾಗಿಲು ತೆರೆದರೆ ರಸ್ತೆ, ರಸ್ತೆಗೆ ಕಾಲುದಾರಿ, ಹೋಗಲು ಒಂದು ತಾಣ ಇರುವ ಮನೆ ಅದು. ಲಿಫ್ಟಿಲ್ಲದ ನಾಲ್ಕನೆಯ ಮಾಳಿಗೆಯಲ್ಲಿ ಮಂಡಿನೋವಿನೊಡನೆ ಇರುವವರು ಮನೆಯಲ್ಲೇ ಇರಲು ಇಷ್ಟಪಡುತ್ತೇನೆ ಎಂದರೆ ಅದು ಇಷ್ಟವೂ ಅಲ್ಲ, ಖಿನ್ನತೆಯೂ ಅಲ್ಲ. ಅದು ಮೆಟ್ಟಿಲು. ಈಗ ಒಬ್ಬ ಸಂಶೋಧಕರು ಇದೇ ಅಳತೆಗೋಲನ್ನು ಹಿಡಿದು, ಕೆಟ್ಟ ಮನೆಗಳಲ್ಲಿರುವ ಹಿರಿಯರಲ್ಲಿ ಖಿನ್ನತೆ ಹೆಚ್ಚು ಎಂದು ಕಂಡುಕೊಂಡರೆ, ಆ ಸಂಬಂಧದ ಒಂದು ಪಾಲು ಅಳತೆಗೋಲಿನೊಳಗೇ ಅಡಗಿತ್ತೆಂದು ಹೇಳಬೇಕಾಗುತ್ತದೆ. ಹದಿನೈದರಲ್ಲಿ ಒಂದು ಪ್ರಶ್ನೆಯಿಂದ ಇಡೀ ಫಲಿತಾಂಶ ತಲೆಕೆಳಗಾಗದು, ನಿಜ. ಆದರೆ ದೇಹದಲ್ಲಿ ಹುರುಪು ತುಂಬಿದೆಯೇ, ಹಿಂದಿನ ಎಷ್ಟೋ ಚಟುವಟಿಕೆಗಳನ್ನು ಬಿಟ್ಟಿದ್ದೀರಾ ಎಂಬಂಥ ಬೇರೆ ಪ್ರಶ್ನೆಗಳಲ್ಲೂ ಮೆಟ್ಟಿಲಿನ ನೆರಳು ಬೀಳುತ್ತದೆ. ಹೋಮ್ ಮತ್ತು ಹೌಸ್ ಎಂಬೆರಡು ಇಂಗ್ಲಿಷ್ ಪದಗಳಿಗೂ ಕನ್ನಡದಲ್ಲಿ ಮನೆ ಎಂಬ ಒಂದೇ ಪದವನ್ನು ಬಳಸುವ ನಾವು ಇಂಥ ಪ್ರಶ್ನಾವಳಿಗಳನ್ನು ಕನ್ನಡಿಸುವಾಗ ಇನ್ನಷ್ಟು ಎಚ್ಚರವಾಗಿರಬೇಕು. ಮನೆ ಇಷ್ಟವೇ ಎಂದರೆ ಕನ್ನಡದ ಮುದುಕಿ ಗೋಡೆಯ ಬಗ್ಗೆ ಉತ್ತರಿಸುತ್ತಾಳೋ ಮಕ್ಕಳ ಬಗ್ಗೆ ಉತ್ತರಿಸುತ್ತಾಳೋ ಹೇಳುವುದು ಕಷ್ಟ. ಸೊಸೆ ಪಕ್ಕದಲ್ಲಿ ನಿಂತಿದ್ದರಂತೂ ಉತ್ತರ ಮೊದಲೇ ನಿಶ್ಚಿತ.

ಇಷ್ಟು ಹೇಳಿದ ಮಾತ್ರಕ್ಕೆ ಸಂಬಂಧವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕಾರ್ಯಕಾರಣವನ್ನು ಬಿಡಿಸಿ ನೋಡಿದ ಅಧ್ಯಯನಗಳೂ ಇವೆ. ಮೆಕ್ಸಿಕೋದಲ್ಲಿ ಮಣ್ಣುನೆಲದ ಮನೆಗಳಿಗೆ ಸರಕಾರವೇ ಸಿಮೆಂಟು ನೆಲ ಹಾಕಿಸಿಕೊಟ್ಟ ಯೋಜನೆಯ ಫಲವನ್ನು, ಯೋಜನೆ ತಲುಪದ ನೆರೆಯ ಊರಿನ ಅಂಥವೇ ಮನೆಗಳೊಡನೆ ಹೋಲಿಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮಕ್ಕಳ ಹೊಟ್ಟೆಹುಳದ ಬಾಧೆ, ರಕ್ತಹೀನತೆ ಇಳಿದುವಷ್ಟೇ ಅಲ್ಲ, ತಾಯಂದಿರ ಖಿನ್ನತೆಯ ಅಂಕವೂ ಇಳಿಯಿತು. ಅವರು ವೃದ್ಧೆಯರಲ್ಲ, ಆದರೂ ನೆಲ ಬದಲಾದರೆ ಮನಸ್ಸು ಬದಲಾಗುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ. ನಮ್ಮ ಜಾನಪದ ಸಂಗ್ರಹಗಳಲ್ಲಿ ಸಾರಿಸಿದ ನೆಲದ ಸೊಬಗನ್ನು ಹೊಗಳಿ ಬರೆದವರಲ್ಲಿ ನಾವೂ ಇದ್ದೇವೆ. ಸಾರಿಸುವ ಮಂಡಿಗಳ ವಯಸ್ಸನ್ನು ನಾವು ಬರೆದುಕೊಂಡಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿಯಲ್ಲಿ ಇಕ್ಕಟ್ಟು, ಒಳಗಿನ ಚಳಿ ಹಾಗೂ ಸೆಕೆ, ಬಿದ್ದು ಪೆಟ್ಟಾಗುವ ಅಪಾಯ, ನಡೆಯಲಾಗದವರಿಗೆ ಓಡಾಟದ ಅನುಕೂಲ ಇವನ್ನೆಲ್ಲ ಪ್ರತ್ಯೇಕವಾಗಿ ಪರಿಗಣಿಸಲಾಗಿದೆ. ಅಜ್ಜಿಯ ಓಣಿ ಇವುಗಳಲ್ಲಿ ಕನಿಷ್ಠ ಮೂರಕ್ಕೆ ಸೇರುತ್ತದೆ.

ನಮ್ಮ ದೇಶದ ಮಟ್ಟಿಗೆ, ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017–18ರಲ್ಲಿ ನಡೆಸಿದ ಲಾಸಿ ಸಮೀಕ್ಷೆಯ ಮೊದಲ ಸುತ್ತು 45 ವರ್ಷ ಮೇಲ್ಪಟ್ಟವರೂ ಅವರ ಸಂಗಾತಿಗಳೂ ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ಅರವತ್ತು ದಾಟಿದವರಲ್ಲಿ ಶೇಕಡಾ 8.3ರಷ್ಟು ಮಂದಿಯಲ್ಲಿ ತೀವ್ರ ಖಿನ್ನತೆಯ ಸಂಭವವನ್ನು ಅದು ಗುರುತಿಸಿತು. ವೈದ್ಯರು ತಮಗೆ ಖಿನ್ನತೆಯಿದೆಯೆಂದು ಹೇಳಿದ್ದಾರೆ ಎಂದವರು ಶೇಕಡಾ 0.8 ಮಾತ್ರ. ಈ ಎರಡು ಸಂಖ್ಯೆಗಳ ನಡುವೆ ಹತ್ತು ಪಟ್ಟು ಅಂತರವಿದೆ. ಆ ಅಂತರದಲ್ಲಿ ಬಡತನವಿದೆ, ವೈದ್ಯರ ಅಭಾವವಿದೆ. ಅದರ ಜೊತೆಗೆ, ವಯಸ್ಸಾದ ಮೇಲೆ ಹೀಗೇ, ಅಜ್ಜಿಗೆ ಈಗ ಯಾವುದರಲ್ಲೂ ಆಸೆಯಿಲ್ಲ ಎಂಬ ಮಾತೂ ಇದೆ. ಆ ಮಾತಿಗೆ ವಿದ್ವತ್ತಿನ ಮುದ್ರೆ ಒತ್ತಿದವರು ನಮ್ಮಂಥವರು.

ಕನ್ನಡದ ಕಥನಸಾಹಿತ್ಯ ವಿಮರ್ಶೆಗಿಂತ ಈ ವಿಷಯದಲ್ಲಿ ಮುಂದಿದೆ. ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯನ್ನು ಮೂರು ತಲೆಮಾರಿನ ಕಥೆಯೆಂದು, ಮಣ್ಣಿನ ಸೆಳೆತದ ಕಥೆಯೆಂದು ಓದುವುದು ರೂಢಿ. ಕೋಡಿಯ ಆ ಮನೆಯ ಕಡೆಗೆ ಕಣ್ಣು ಹೊರಳಿಸಿ ಓದಿದರೆ ಪಾರೋತಿ, ಸರಸೋತಿಯರ ಬಾಳು ಮಳೆ, ಉಪ್ಪುಗಾಳಿ, ಸೌದೆ, ಸೋರುವಿಕೆಗಳ ವಿರುದ್ಧ ನಿರಂತರ ದುಡಿಮೆಯಾಗಿ ಕಾಣುತ್ತದೆ. ಹೋಟೆಲಿನ ಹಣ ಊರಿಗೆ ಬಂದಂತೆ ನೆರೆಮನೆಯ ಮಾಡು ಬದಲಾಗುವುದು ಅಲ್ಲಿ ಬರಿಯ ಹಿನ್ನೆಲೆಯಲ್ಲ, ಹಿರಿಯರ ಮನಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ ಸಂಗತಿ. ಅದೇ ಕಾರಂತರ ಮೂಕಜ್ಜಿಯನ್ನು (1968) ನಾವೆಲ್ಲ ಅತೀಂದ್ರಿಯದೃಷ್ಟಿಯ ಮುದುಕಿಯಾಗಿ ಕಂಡಿದ್ದೇವೆ. ಆಕೆ ಯಾರ ಹಂಗಿನ ಭಯವೂ ಇಲ್ಲದೆ ಮನಸ್ಸಿಗೆ ಬಂದದ್ದನ್ನು ಆಡಬಲ್ಲಳು. ಹೊರಹಾಕುವವರಿಲ್ಲದ ಮನೆ, ಕುಳಿತು ಕೇಳುವ ಮೊಮ್ಮಗ ಇಬ್ಬರೂ ಆಕೆಗಿದ್ದಾರೆ. ಆ ಮನೆಯನ್ನು ತೆಗೆದುಬಿಟ್ಟರೆ ಆಕೆಯ ದೃಷ್ಟಿಯೆಲ್ಲಿ, ಮಾತೆಲ್ಲಿ?

ಭೈರಪ್ಪನವರ ಅಂಚು (1990) ಖಿನ್ನತೆಯನ್ನೇ ವಸ್ತುವಾಗಿಸಿಕೊಂಡು, ಅದರಲ್ಲಿ ನರಳುವ ಹೆಣ್ಣಿನ ಎದುರು ಮನೆ ಕಟ್ಟುವ ವೃತ್ತಿಯ ಗಂಡನ್ನು ನಿಲ್ಲಿಸಿತು. ಅಮೃತಾ ವೃದ್ಧೆಯಲ್ಲವಾದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಈ ಜೋಡಣೆ ಆಕಸ್ಮಿಕವಿರಲಾರದೆಂದಷ್ಟೇ ಸೂಚಿಸುತ್ತೇವೆ. ನಾ. ಡಿಸೋಜರ ದ್ವೀಪ, ಅದನ್ನಾಧರಿಸಿದ ಕಾಸರವಳ್ಳಿಯವರ 2002ರ ಚಿತ್ರ, ಮುಳುಗಡೆಯ ಎದುರು ಮನೆ ಬಿಡಲೊಲ್ಲದ ಹಿರಿಯನನ್ನು ತೋರಿಸಿದುವು. ಹೊಸ ಜಾಗ ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿ ತಾನು ಯಾರು ಎಂಬುದು ಅವನ ಪ್ರಶ್ನೆ.

ನಮ್ಮ ವಾದಕ್ಕೆ ನಿಜವಾದ ತೊಡಕು ತಂದೊಡ್ಡುವುದು ವಿವೇಕ ಶಾನಭಾಗರ ಘಾಚರ್ ಘೋಚರ್ (2013). ಕಾದಂಬರಿಯ ಹಳೆಯ ಮನೆ ವಸತಿಯ ಯಾವ ಮಾನದಂಡದಲ್ಲೂ ಉತ್ತೀರ್ಣವಾಗದು. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಇಕ್ಕಟ್ಟಾದ ಕೋಣೆಗಳು, ಸಾಲದ್ದಕ್ಕೆ ಇರುವೆಗಳ ಕಾಟ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹತ್ತಿದ ಮೇಲೆ ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ. ಎಲ್ಲರಿಗೂ ಕೋಣೆ, ಎಲ್ಲರಿಗೂ ಬಾಗಿಲು. ವಸತಿ ಉತ್ತಮಗೊಂಡಂತೆ ಮನಸ್ಸೂ ಉತ್ತಮಗೊಳ್ಳಬೇಕು ಎಂಬ ಸರಳ ಸಮೀಕರಣ ಇಲ್ಲಿ ಮುರಿದುಬೀಳುತ್ತದೆ. ಕೆಲಸ ಬಿಟ್ಟ ಅಪ್ಪ ಹೊಸ ಮನೆಯಲ್ಲಿ ಮೌನಿಯಾಗುತ್ತಾರೆ. ಆಸ್ತಿಯ ಹಕ್ಕುದಾರರಾದುದರಿಂದ ಮಾತ್ರ ಅವರನ್ನು ಓಲೈಸಲಾಗುತ್ತದೆ, ಅವರ ಸರಳತೆಯನ್ನು ಮನೆಯವರು ತಲೆಕೆಟ್ಟದ್ದರ ಗುರುತೋ ಎಂಬಂತೆ ನೋಡುತ್ತಾರೆ. ನಮ್ಮ ಹಳೆಯ ಕಾರ್ಡಿನ ಭಾಷೆಯಲ್ಲಿ ಅವರೂ ವಿರಕ್ತರೇ.

ಈ ಕಾದಂಬರಿಯನ್ನು ನಾವು ನಮ್ಮ ವಾದಕ್ಕೆ ವಿರುದ್ಧ ಸಾಕ್ಷಿಯೆಂದು ಒಪ್ಪುತ್ತೇವೆ, ಆದರೆ ಒಂದು ಮಿತಿಯವರೆಗೆ. ಮನೆ ಮುಖ್ಯವಲ್ಲವೆಂದು ಅದು ಹೇಳುತ್ತಿಲ್ಲ. ಮನೆಯ ಗುಣವೆಂದರೆ ಚದರ ಅಡಿಯಲ್ಲವೆಂದು ಹೇಳುತ್ತಿದೆ. ಹಳೆಯ ಮನೆಯಲ್ಲಿ ಅಪ್ಪನ ಸಂಬಳದಿಂದ ಎಲ್ಲರ ಊಟ ನಡೆಯುತ್ತಿತ್ತು, ಇರುವೆಗಳ ವಿರುದ್ಧ ಎಲ್ಲರೂ ಒಟ್ಟಾಗಿದ್ದರು. ಹೊಸ ಮನೆಯಲ್ಲಿ ಗೋಡೆ ಗಟ್ಟಿ, ಹಂಗು ಇನ್ನೂ ಗಟ್ಟಿ. ಇದು ಕಾಲ್ಪನಿಕ ಕುಟುಂಬದ ಮಾತು ಮಾತ್ರವಲ್ಲ. ಮುಂಬಯಿಯಲ್ಲಿ 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳ್‌ಗಳ ಕೋಣೆಗಳ ಅಳತೆ 160 ಚದರ ಅಡಿ, ಶೌಚಾಲಯ ಸಾಮೂಹಿಕ. ಅವುಗಳ ಜಾಗದಲ್ಲಿ ಎದ್ದ ಗೋಪುರಗಳಲ್ಲಿ 500 ಚದರ ಅಡಿಯ ಮನೆಗಳ ಕೀಲಿಕೈಗಳನ್ನು ವರ್ಲಿಯ ಮೊದಲ ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಕೊಡಲಾಯಿತು. ಒಳಗೇ ಸಂಡಾಸು, ಲಿಫ್ಟು. ಇದನ್ನು ಅಲ್ಲಗಳೆಯುವ ಯಾವ ಹಳೆಮೋಹವೂ ನಮಗಿಲ್ಲ. ಚಾಳಿನ ಓಣಿಯನ್ನು ಕುರಿತು ಕವಿತೆ ಬರೆಯುವವರು ಒಮ್ಮೆ ಆ ಓಣಿಯ ತುದಿಗೆ ನಡುರಾತ್ರಿ ನಡೆದುಬರಲಿ. ಆದರೆ ಅದೇ ಓಣಿಯಲ್ಲಿ ಬಾಗಿಲು ತೆರೆದಿಟ್ಟು ಅಕ್ಕಿ ಆರಿಸುತ್ತ ದಿನಕ್ಕೆ ಹತ್ತು ಜನರೊಡನೆ ಮಾತಾಡುತ್ತಿದ್ದವರು ಮುಚ್ಚಿದ ಬಾಗಿಲಿನ ಹಿಂದೆ ಏನಾಗುತ್ತಾರೆ ಎಂಬುದನ್ನು ಗಮನಿಸಲು ಮುಂಬಯಿಯ ಕನ್ನಡ ಸಂಶೋಧಕರಿಗೆ ಈಗ ಅವಕಾಶವಿದೆ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿಯವರ ಮುಂಬಯಿಯನ್ನು ಓದಿ ಬಂದವರಿಗೆ ಕೋಣೆಯ ಅಳತೆಗೂ ಮನಸ್ಸಿನ ಅಳತೆಗೂ ಇರುವ ನಂಟನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಹಂಗಿನ ಪ್ರಶ್ನೆಯನ್ನು ಕಾನೂನು ನಮಗಿಂತ ಮೊದಲೇ ಗುರುತಿಸಿದೆ ಎಂಬುದು ತುಸು ನಾಚಿಕೆಯ ವಿಷಯ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ 23ನೆಯ ಕಲಮಿನ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಹಿರಿಯರು ಮಕ್ಕಳಿಗೆ ಬರೆದುಕೊಟ್ಟ ಮನೆಯನ್ನು, ಆ ಷರತ್ತು ಮುರಿದರೆ, ನ್ಯಾಯಮಂಡಳಿ ಹಿಂದಕ್ಕೆ ಕೊಡಿಸಬಹುದು. ಮಗನ ಹೆಸರಿಗೆ ಮನೆ ಬರೆದ ದಿನದಿಂದ ತಂದೆ ಅದೇ ಮನೆಯಲ್ಲಿ ಅತಿಥಿಯಾಗುವ ಕಥೆಗಳು ಕನ್ನಡದಲ್ಲಿ ಸಾಕಷ್ಟಿವೆ. ಅವುಗಳನ್ನು ತಲೆಮಾರಿನ ಅಂತರದ ಕಥೆಗಳೆಂದು ವರ್ಗೀಕರಿಸಿ ಮುಗಿಸಿದ್ದೇವೆ. ನೋಂದಣಿ ಕಚೇರಿಯ ಆ ಒಂದು ದಿನವನ್ನು ಕೇಂದ್ರದಲ್ಲಿಟ್ಟು ಅವನ್ನು ಮತ್ತೆ ಓದಿದರೆ ಬೇರೆಯೇ ಅರ್ಥಗಳು ಹೊರಡಬಹುದು. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರು ಗಮನಿಸಬೇಕು.

ನಮ್ಮ ಪೀಠದ ಮೌಖಿಕ ಸಾಹಿತ್ಯ ಸಂಗ್ರಹದ ಕಾರ್ಡುಗಳಿಗೆ ಈ ವರ್ಷದಿಂದ ಹೊಸ ಕಲಮುಗಳನ್ನು ಸೇರಿಸಿದ್ದೇವೆ: ಮಾಳಿಗೆ, ಲಿಫ್ಟು, ಕಿಟಕಿ, ಮಲಗುವ ಸ್ಥಳ, ಶೌಚಾಲಯಕ್ಕಿರುವ ದೂರ, ಮನೆ ಯಾರ ಹೆಸರಿನಲ್ಲಿದೆ ಎಂಬುದು. ಸಾಹಿತ್ಯದ ಕಾರ್ಡಿನಲ್ಲಿ ಸಂಡಾಸಿಗೇನು ಕೆಲಸ ಎಂದು ಕೇಳಿದ ಸಹೋದ್ಯೋಗಿಯೊಬ್ಬರಿಗೆ ಕ್ಯಾಸೆಟ್ಟಿನ ಆ ಭಾಗವನ್ನು ಕೇಳಿಸಿದೆವು. ಅಜ್ಜಿಯ ಹಳೆಯ ಕಾರ್ಡನ್ನು ಹರಿದುಹಾಕಿಲ್ಲ. ‘ವಿರಕ್ತಿ’ ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಹಾದ ಮಾತನ್ನು ಆಕೆ ಆಡಿದ ರೂಪದಲ್ಲೇ ಬರೆದಿದ್ದೇವೆ. ಹೊಸ ಕಲಮುಗಳಲ್ಲಿ ಮಾಳಿಗೆ ಮತ್ತು ಶೌಚಾಲಯ ಎರಡನ್ನು ಮಾತ್ರ ತುಂಬಲು ಸಾಧ್ಯವಾಯಿತು. ಕೋಣೆಗೆ ಕಿಟಕಿ ಇತ್ತೋ ಇಲ್ಲವೋ, ಎರಡು ಮಧ್ಯಾಹ್ನ ಅಲ್ಲಿ ಕುಳಿತಿದ್ದ ನಮಗೆ ನೆನಪಾಗುತ್ತಿಲ್ಲ.